ಎತ್ತರದ ಬೈಕೂ ನಮ್ಮತ್ತೆಯ ಎತ್ತೂ

ಇವತ್ತು ಬೆಳಗ್ಗೆ ಒಗ್ಗರಣೆಗೆ ಸಾಸಿವೆ ಹಾಕಿ ಸಿಡಿಯುವುದನ್ನೇ ಕಾಯುತ್ತಿದ್ದೆ. ಹಜಾರದಿಂದ ಯಾರೋ ಹುಡುಗನ ದನಿ ಕೇಳಿಸಿತು. "ಸೀಟ್ ಹೈಟ್ ಸ್ವಲ್ಪ ಜಾಸ್ತಿನೇ ಫ್ರೆಂಡ್ಸ್. ಆದ್ರೆ ಗ್ರೌಂಡ್ ಕ್ಲಿಯರೆನ್ಸ್ ಬೇಕು ಅಂದ್ರೆ ಅಷ್ಟು ಅಡ್ಜಸ್ಟ್ ಮಾಡ್ಕೋಬೇಕು." ನೆಂಟರು ಬಂದರೇನೋ ಎಂದು ಸೆರಗು ಸರಿ ಮಾಡಿಕೊಂಡು ಇಣುಕಿದರೆ, ನಮ್ಮವರು ಮೊಬೈಲನ್ನು ಕಾಫಿ ಲೋಟಕ್ಕೆ ಒರಗಿಸಿಕೊಂಡು ಮೋಟರ್ ಸೈಕಲ್ಲಿನ ವಿಮರ್ಶೆ ನೋಡುತ್ತಿದ್ದರು. ನಿವೃತ್ತಿ ಹತ್ತಿರವಾದ ಗಂಡಸರು ಕಾಶಿ ರಾಮೇಶ್ವರ ಎನ್ನುತ್ತಾರೆಂದು ಕೇಳಿದ್ದೆ. ನಮ್ಮವರಿಗೆ ಅಡ್ವೆಂಚರ್ ಬೈಕು ಬೇಕಂತೆ. ತೀರ ದೊಡ್ಡದಲ್ಲ, ತೀರ ಸಣ್ಣದೂ ಅಲ್ಲ, ಮಧ್ಯದ್ದು. ಡಾಂಬರಿಗೂ ಸೈ, ಕಲ್ಲುಮಣ್ಣಿಗೂ ಸೈ.

ಈ ವಿಮರ್ಶಕರನ್ನು ನಾನು ಅಡುಗೆಮನೆಯಿಂದಲೇ ಸಾಕಷ್ಟು ಕೇಳಿದ್ದೇನೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಬಲ ಇದೆ, ಆದರೆ ಭಾರವೂ ಇದೆ. ಹೈವೇಯಲ್ಲಿ ಹಾಯಿ, ಆದರೆ ಊರೊಳಗೆ ಸೆಕೆ. ನೀವೇ ಹೇಳಿ, ಗಂಡು ನೋಡಿ ಬಂದ ಸೋದರಮಾವನೂ ಹೀಗೇ ಅಲ್ಲವೇ ಮಾತಾಡುವುದು? ಇಷ್ಟೆಲ್ಲ ಹೇಳುವ ಪುಣ್ಯಾತ್ಮರು ಹಿಂದಿನ ಸೀಟಿನ ಬಗ್ಗೆ ಮಾತ್ರ ಒಂದು ಸಾಲಿಗಿಂತ ಹೆಚ್ಚು ಹೇಳುವುದಿಲ್ಲ. ನಾನು ಮದುವೆಯಾದಾಗಿನಿಂದ ಹಿಂದಿನ ಸೀಟಿನವಳು. ಆದ್ದರಿಂದ ಎತ್ತರದ ಮೋಟರ್ ಸೈಕಲ್ಲಿನ ಗುಣಾವಗುಣಗಳ ಬಗ್ಗೆ ನನಗೂ ಒಂದೆರಡು ಮಾತು ಹೇಳುವ ಹಕ್ಕಿದೆ ಎಂದುಕೊಂಡಿದ್ದೇನೆ.

ನಮ್ಮ ಮನೆಗೆ ಅಂಥದೊಂದು ಬೈಕು ಎರಡು ಸಾವಿರದ ಆರನೆಯ ಇಸವಿಯ ಸುಮಾರಿಗೇ ಬಂದಿತ್ತು. ಆಗ ನಾವು ಶಿಡ್ಲಘಟ್ಟದಲ್ಲಿದ್ದೆವು. ನಮ್ಮವರು ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದರು. ನಾನು ಮಂಡ್ಯದ ಕಡೆಯ ಕಬ್ಬಿನ ಸೀಮೆಯವಳು, ಕನ್ನಡ ಬಿಟ್ಟರೆ ಇನ್ನೊಂದು ಭಾಷೆ ಕಿವಿಗೆ ಬಿದ್ದವಳಲ್ಲ. ನಮ್ಮತ್ತೆ ನಾರಾಯಣಮ್ಮನವರ ಬಾಯಲ್ಲಾದರೋ ಕನ್ನಡವೂ ತೆಲುಗೂ ಒಂದೇ ಪಾತ್ರೆಯಲ್ಲಿ ಬೇಯುತ್ತಿದ್ದವು. ಯಾವ ಮಾತು ಯಾವುದರದ್ದು ಎಂದು ಅವರಿಗೇ ಗೊತ್ತಿರಲಿಲ್ಲ, ಗೊತ್ತಿರಬೇಕೆಂಬ ಹಂಗೂ ಇರಲಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಬಾಗಿಲಲ್ಲಿ ನಿಂತು ಯಾರಿಗೋ "ಪಾಲು ಎಪ್ಪುಡು ಇಸ್ತಾವು?" ಎಂದು ಜೋರು ಮಾಡುತ್ತಿದ್ದರು. ಕಾಲಿಟ್ಟ ವಾರದಲ್ಲೇ ಮನೆ ಪಾಲಾಗುತ್ತಿದೆ, ಊರವರು ನನ್ನ ಕಾಲ್ಗುಣದ ಬಗ್ಗೆ ಏನೆಂದಾರು ಎಂದು ಒಳಗೆ ಕೂತು ಕಣ್ಣೀರು ಹಾಕಿದೆ. ಬಂದಿದ್ದವನು ಹಾಲಿನವನು. ತೆಲುಗಿನಲ್ಲಿ ಪಾಲು ಅಂದರೆ ಹಾಲಂತೆ, ಅತ್ತೆ ಕೇಳಿದ್ದು ಯಾವಾಗ ಕೊಡುತ್ತೀಯ ಎಂದು. ಈ ಕಥೆಯನ್ನು ಅತ್ತೆ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೆ ಕೊಡುತ್ತಿದ್ದರು.

ಹೆಚ್ಚು ಸಲ ಕೇಳಿದವರು ದೊಡ್ಡತ್ತೆ, ಅಂದರೆ ನಮ್ಮತ್ತೆಯ ಸ್ವಂತ ಅಕ್ಕ. ಜಂಗಮಕೋಟೆಯಲ್ಲಿ ಅವರ ಮನೆ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಸೊಪ್ಪಿನ ಮೂಟೆ ಹೊತ್ತು ಹೊತ್ತು ಅವರ ತೋಳು ಗಂಡಸರ ತೋಳಿನಷ್ಟೇ ಗಟ್ಟಿಯಾಗಿದ್ದವು. ನಮ್ಮತ್ತೆಗೆ ಬಸ್ಸಿನ ಡೀಸೆಲ್ ವಾಸನೆ ಆಗುತ್ತಿರಲಿಲ್ಲ, ಮೆಟ್ಟಿಲು ಹತ್ತಿದರೆ ವಾಂತಿ. ಹಾಗಾಗಿ ಭಾನುವಾರ ಬಂತೆಂದರೆ ನಮ್ಮವರ ಹಳೇ ಸ್ಕೂಟರಿನ ಮೇಲೆ ಅಕ್ಕನ ಮನೆಗೆ ಸವಾರಿ. ಹೋಗಿ ಏನು ಮಾಡುತ್ತಿದ್ದರು ಎನ್ನುತ್ತೀರಿ? ಇಬ್ಬರೂ ಎದುರುಬದುರು ಕೂತು ಅವರೆಕಾಯಿ ಬಿಡಿಸುತ್ತಾ ಮೂರನೆಯವರನ್ನೆಲ್ಲ ಬಿಡಿಸಿ ಗುಡ್ಡೆ ಹಾಕುತ್ತಿದ್ದರು. ವಾಪಸು ಬರುವಾಗ ಅತ್ತೆಯ ಮುಖ ಎಣ್ಣೆ ಸ್ನಾನ ಮಾಡಿದಷ್ಟು ಹಗುರವಾಗಿರುತ್ತಿತ್ತು.

ಆ ಸವಾರಿ ಒಂದು ದಿನ ನಿಂತುಹೋಯಿತು. ಮಾವನವರು ತೀರಿಕೊಂಡು ವರ್ಷ ಕಳೆದಿತ್ತು. ದೊಡ್ಡತ್ತೆ ತಮ್ಮ ಮಗಳ ಮದುವೆಗೆ ಕರೆಯಲು ಬಂದರು. ಬೆಳ್ಳಿಯ ಕುಂಕುಮದ ಬಟ್ಟಲು ಹಿಡಿದು ನನ್ನನ್ನು ಕೂರಿಸಿ, ಹಣೆಗೆ ಇಟ್ಟು, ಕೈಗೆ ಅಕ್ಷತೆ ಹಾಕಿ, ಪತ್ರಿಕೆ ಕೊಟ್ಟು, "ಮನೆ ಮಂದಿಯೆಲ್ಲ ಬನ್ರಮ್ಮ" ಎಂದರು. ನಮ್ಮತ್ತೆ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ದೊಡ್ಡತ್ತೆ ಅವರ ಕಡೆ ತಿರುಗಲೇ ಇಲ್ಲ. ಗಂಡನಿಲ್ಲದವರಿಗೆ ಕುಂಕುಮ ಇಡುವ ಪದ್ಧತಿ ಇಲ್ಲ, ಸರಿ. ಆದರೆ ಹೆಸರು ಹಿಡಿದು ಬಾ ಎನ್ನುವುದಕ್ಕೆ ಯಾವ ಪದ್ಧತಿ ಅಡ್ಡ ಬರುತ್ತಿತ್ತೋ ನನಗೆ ತಿಳಿಯಲಿಲ್ಲ. ಅತ್ತೆ ತಾವೇ ಎದ್ದು ಕಾಫಿ ಮಾಡಿಕೊಟ್ಟರು. ಅಕ್ಕ ಗೇಟಿನವರೆಗೆ ಹೋದ ಮೇಲೆ, "ಅಕ್ಕಯ್ಯಾ, ಇನ್ನು ನಿನ್ನ ಅಂಗಳಕ್ಕೆ ನನ್ನ ಕಾಲು ಬೀಳಲ್ಲ" ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾವು ಅಷ್ಟು ಹೆದರುತ್ತಿರಲಿಲ್ಲ.

ಮದುವೆಗೆ ಅವರು ಹೋಗಲಿಲ್ಲ. ಆಮೇಲೆ ಹಬ್ಬಗಳೂ ಹೋದವು, ಅವರೆಕಾಯಿಯ ಕಾಲವೂ ಬಂದು ಹೋಯಿತು. ಅಕ್ಕನ ಹೆಸರು ಎತ್ತುವಂತಿರಲಿಲ್ಲ. ಆದರೆ ಬೀದಿಯಲ್ಲಿ ಏನಾದರೂ ತಮಾಷೆ ನಡೆದರೆ ಅತ್ತೆ ನಗುತ್ತಾ "ಇದನ್ನ..." ಎಂದು ಶುರು ಮಾಡಿ ಸುಮ್ಮನಾಗುತ್ತಿದ್ದರು. ಯಾರಿಗೆ ಹೇಳಬೇಕೆಂದು ಇಟ್ಟುಕೊಂಡ ಮಾತು ಎಂಬುದು ನಮಗೆಲ್ಲ ಗೊತ್ತಿತ್ತು. ಹೀಗೇ ಮುಂದುವರಿದರೆ ಈ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರನ್ನು ನೋಡದೆಯೇ ಹೋಗಿಬಿಡುತ್ತಾರೆ ಎಂಬ ಭಯ ನನಗೆ ಹತ್ತಿಕೊಂಡಿತು.

ಇಂಥ ಹೊತ್ತಿನಲ್ಲಿ ಸ್ಕೂಟರು ಪ್ರಾಣ ಬಿಟ್ಟಿತು. ನಮ್ಮವರಿಗೆ ಒಳಗೊಳಗೇ ಹಬ್ಬ. ಅವರು ಸ್ಕೂಟರಿನಿಂದ ಮೋಟರ್ ಸೈಕಲ್ಲಿಗೆ ಬಡ್ತಿ ಪಡೆಯಲು ಕಾಯುತ್ತಿದ್ದರು. ಚಿಂತಾಮಣಿ ರಸ್ತೆಯ ಗುಂಡಿಗಳನ್ನು ನೋಡಿದರೆ ಸಾಧಾರಣ ಬೈಕು ಸಾಲದು, ಹೈವೇ ಹಿಡಿದರೆ ತೀರ ಸಣ್ಣದೂ ಸಾಲದು ಎಂದು ಅವರ ವಾದ. ಅಡ್ವೆಂಚರ್ ಎಂಬ ಹೆಸರು ನಮ್ಮ ಕಡೆಗೆ ಆಗಿನ್ನೂ ಬಂದಿರಲಿಲ್ಲ, ಹುಚ್ಚು ಮಾತ್ರ ಮೊದಲೇ ಬಂದಿತ್ತು. ವಾರಗಟ್ಟಲೆ ತೂಗಿ ನೋಡಿದರು. ಎತ್ತರ ಇದ್ದರೆ ಗುಂಡಿ ತಾಗದು, ಆದರೆ ಕಾಲು ನೆಲಕ್ಕೆ ಎಟುಕದು. ಸ್ಪ್ರಿಂಗ್ ಮೆತ್ತಗಿದ್ದರೆ ಬೆನ್ನಿಗೆ ಸುಖ, ಬ್ರೇಕು ಹಾಕಿದರೆ ಮೂಗು ಮುಗ್ಗರಿಸುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ರಾತ್ರಿ ಊಟಕ್ಕೆ ಕೂತರೂ ಮುದ್ದೆಯ ಮೇಲೆ ಬೆರಳಿನಿಂದ ಗುಂಡಿ ಮಾಡಿ, ಸಾರು ಸುರಿದು, ಚಕ್ರ ಅದರಲ್ಲಿ ಹೇಗೆ ಇಳಿದು ಏಳುತ್ತದೆ ಎಂದು ನನಗೆ ಪಾಠ ಮಾಡುತ್ತಿದ್ದರು.

ಇಷ್ಟೆಲ್ಲ ಶೋಧನೆ ಮಾಡಿದ ಮೇಲೆ ಗೌರಿಬಿದನೂರಿನಲ್ಲಿ ವರ್ಗವಾಗಿ ಹೊರಟಿದ್ದ ಒಬ್ಬ ಅಧಿಕಾರಿಯ ಹಳೇ ಬೈಕು ಸಿಕ್ಕಿತು. ಮಂಚೇನಹಳ್ಳಿ, ಚಿಕ್ಕಬಳ್ಳಾಪುರದ ಮೇಲೆ ಓಡಿಸಿಕೊಂಡು ಬಂದು ಸಂಜೆ ಮನೆಯ ಮುಂದೆ ನಿಲ್ಲಿಸಿದರು. ಬೀದಿಯವರೆಲ್ಲ ಸುತ್ತ ನೆರೆದರು. ಮುಂದಿನ ಮಡ್‌ಗಾರ್ಡು ಚಕ್ರಕ್ಕೆ ಸಂಬಂಧವೇ ಇಲ್ಲವೆಂಬಂತೆ ಮೇಲೆಲ್ಲೋ ಚಾಚಿಕೊಂಡಿತ್ತು. ಸೈಲೆನ್ಸರು ಸೊಂಟದ ಮಟ್ಟಕ್ಕಿತ್ತು. ಒಂದು ವಿಷಯವನ್ನು ಮಾತ್ರ ನಮ್ಮವರ ಶೋಧನೆ ಗಣನೆಗೆ ತೆಗೆದುಕೊಂಡಿರಲಿಲ್ಲ, ಅದು ಅವರ ಸ್ವಂತ ಕಾಲಿನ ಉದ್ದ. ಬೈಕಿನ ಮೇಲೆ ಕೂತರೆ ಎರಡೂ ಕಡೆ ಹೆಬ್ಬೆರಳು ಮಾತ್ರ ನೆಲ ಮುಟ್ಟುತ್ತಿತ್ತು. "ಬ್ಯಾಲೆನ್ಸ್‌ಗೆ ಅಷ್ಟು ಸಾಕು" ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡೆ.

ಮಾರನೆಯ ದಿನ ಪೂಜೆ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿಯಾದ ಮೇಲೆ ಮೊದಲ ಸವಾರಿ ತಾಯಿಗೇ ಎಂದು ನಮ್ಮವರು ಹೆಲ್ಮೆಟ್ ಹಾಕಿಕೊಂಡು, ಕಿಕ್ ಹೊಡೆದು, ಹೆಬ್ಬೆರಳ ಮೇಲೆ ನಿಂತು ಕಾದರು. ಅತ್ತೆ ಸೀಟಿನ ಮೇಲೆ ಕೈಯಿಟ್ಟು ನೋಡಿದರು. ಸೀಟು ಅವರ ಎದೆಯ ಹತ್ತಿರಕ್ಕಿತ್ತು. "ಅಯ್ಯೋ ನಾಯ್ನಾ, ಎತ್ತು! ಎತ್ತು!" ಎಂದು ಮಗನಿಗೆ ಕೂಗಿದರು.

ನನಗೆ ಗೊತ್ತಿದ್ದ ಎತ್ತುಗಳು ಎರಡೇ. ಒಂದು ಹೊಲ ಉಳುವುದು, ಇನ್ನೊಂದು ಮೇಲಕ್ಕೆ ಎತ್ತುವುದು. ಎತ್ತು ಅಲ್ಲಿ ಇರಲಿಲ್ಲವಾದ್ದರಿಂದ ಎರಡನೆಯದೇ ಇರಬೇಕೆಂದು ತೀರ್ಮಾನಿಸಿದೆ. ಹಿರಿಯರು ಬಾಯಿಬಿಟ್ಟು ಕೇಳುತ್ತಿದ್ದಾರೆ, ಸೊಸೆ ನಿಂತು ನೋಡುವುದುಂಟೇ? ಹಿಂದಿನಿಂದ ಎರಡೂ ತೋಳು ಬಳಸಿ, ಕಬ್ಬಿನ ಕಂತೆ ಗಾಡಿಗೆ ಎಸೆದ ನನ್ನ ತವರಿನ ಬಲವನ್ನೆಲ್ಲ ಹಾಕಿ, ಅತ್ತೆಯನ್ನು ಎತ್ತಿ ಸೀಟಿನ ಮೇಲೆ ಕುಕ್ಕಿದೆ. ಅವರು ಸಣಕಲು ಜೀವ. ಸೀಟು ಅಲುಗಿದ್ದೇ ಸೂಚನೆ ಎಂದುಕೊಂಡ ನಮ್ಮವರು ಕ್ಲಚ್ ಬಿಟ್ಟು ಹೊರಟೇಬಿಟ್ಟರು. "ದಿಂಪು! ದಿಂಪು ರಾ!" ಎಂಬ ಕೂಗು ಬೀದಿಯ ಕೊನೆಯವರೆಗೂ ಕೇಳಿಸಿತು. ಇಳಿಸೋ ಎಂದು ಅರ್ಥವಂತೆ. ಪಕ್ಕದ ಮನೆಯಾಕೆ ಗೋಡೆ ಹಿಡಿದುಕೊಂಡು ನಗುತ್ತಾ ಹೇಳಿದಳು. "ಅಕ್ಕಾ, ಎತ್ತು ಅಂದ್ರೆ ಎತ್ತರ ಕಣಕ್ಕ! ಗಾಡಿ ಎತ್ತರ ಐತೆ ಅಂದಿದ್ದು ಅವ್ರು!"

ಅವರು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ನಾನು ತವರಿಗೆ ಹೋಗಲು ಮಾನಸಿಕವಾಗಿ ಸಿದ್ಧಳಾಗಿದ್ದೆ. ಅತ್ತೆಯ ಕೂದಲು ಕೆದರಿತ್ತು, ಸೆರಗು ಹಾರಿ ಹಿಂದಕ್ಕೆ ಬಿದ್ದಿತ್ತು. ಜಗಲಿಯ ಪಕ್ಕ ಬೈಕು ನಿಲ್ಲಿಸಿ ಇಳಿಸಿಕೊಂಡೆವು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಏನಮ್ಮಾ, ನನ್ನೇನು ರಾಗಿ ಮೂಟೆ ಅಂದ್ಕೊಂಡ್ಯಾ?" ಎಂದರು. ಆಮೇಲೆ ಅಡುಗೆಮನೆಗೆ ಬಂದು, ಯಾರಿಗೂ ಕೇಳಿಸದಂತೆ, "ಅಷ್ಟು ಮ್ಯಾಲೆ ಕೂತ್ರೆ ಕಾಂಪೌಂಡ್ ಒಳಗೆಲ್ಲ ಕಾಣ್ತದೆ ಕಣೇ. ಆ ಮೂಲೆ ಮನೆಯೋರು ನಾಲ್ಕು ಹಸ ಕಟ್ಟವ್ರೆ, ಎರಡು ಅಂತಾರೆ ಸುಳ್ಳಿ" ಎಂದರು. ಹಿಂದಿನ ಸೀಟಿನ ಈ ಪ್ರಯೋಜನವನ್ನು ಯಾವ ವಿಮರ್ಶಕನಾದರೂ ಹೇಳಿದ್ದಾನೆಯೇ?

ಅಲ್ಲಿಂದ ಮುಂದೆ ಅವರು ಜಗಲಿಯ ಮೇಲಿಂದ ಸೀಟಿಗೆ ಜರುಗಿ ಕೂರುವುದನ್ನು ಕಲಿತರು. ಗುಡಿ, ಸಂತೆ, ಗುರುತಿನವರ ಮನೆ ಎಲ್ಲ ಕಡೆಗೂ ಹೋಗಿ ಬಂದರು. ಜಂಗಮಕೋಟೆಯ ರಸ್ತೆಯೊಂದನ್ನು ಬಿಟ್ಟು.

ಆ ವರ್ಷವೇ ನಮ್ಮ ಕಡೆ ಚಿಕೂನ್‌ಗುನ್ಯ ಬಂದದ್ದು. ಮನೆಮನೆಯಲ್ಲೂ ಜನ ಗೋಡೆ ಹಿಡಿದು ನಡೆಯುತ್ತಿದ್ದರು. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ತಂದಿದ್ದ ಜಂಗಮಕೋಟೆಯವರೊಬ್ಬರು ಮನೆಗೆ ಬಂದು, "ನಿಮ್ಮಕ್ಕ ಮಲಗಿಬಿಟ್ಟವ್ರೆ ಅಮ್ಮಾ, ಲೋಟ ಹಿಡಿಯೋಕೂ ಕೈ ಬರ್ತಿಲ್ಲ. ಈ ಸಲ ಹುಳಾನೇ ಸಾಕ್ಲಿಲ್ಲ" ಎಂದು ಹೇಳಿಹೋದರು. ಅತ್ತೆ "ಓಹೋ" ಎಂದರು, ಅಷ್ಟೇ. ಸಂಜೆ ದೀಪ ಹಚ್ಚಿ ದೇವರ ಮುಂದೆ ಕೂತವರು ಬಹಳ ಹೊತ್ತು ಏಳಲಿಲ್ಲ.

ಭಾನುವಾರ ಬೆಳಗ್ಗೆ ನಮ್ಮವರು ಬೈಕು ಒರೆಸುತ್ತಿದ್ದಾಗ ಅತ್ತೆ ಬಂದು ಜಗಲಿಯ ಮೇಲೆ ನಿಂತರು. "ನಾಯ್ನಾ, ನಿಂಗೆ ಫಿಜಿಕ್ಸ್ ಗೊತ್ತಲ್ಲ. ಗಾಡಿ ಮೇಲೆ ಕೂತಿರೋ ಮನುಷ್ಯಂದು ಕಾಲು ನೆಲದ ಮೇಲೆ ಐತೆ ಅಂತಾನಾ, ಇಲ್ಲ ಅಂತಾನಾ?"

"ಇಲ್ಲ ಅಂತಲೇ ಅಮ್ಮಾ."

"ಗಾಡಿ ಅಂಗಳದೊಳಕ್ಕೆ ಹೋದ್ರೂ?"

"ಹೋದ್ರೂ."

"ಹಂಗಾದ್ರೆ ನಡಿ. ನಾನು ಇಳಿಯಲ್ಲ. ಮ್ಯಾಲಿಂದ್ಲೇ ನೋಡ್ಕೊಂಡ್ ಬರ್ತೀನಿ."

ಮಾತಿಗೂ ಭಂಗವಿಲ್ಲ, ಅಕ್ಕನ ಮುಖವೂ ಕಂಡೀತು. ಅತ್ತೆ ನಡುವೆ ಒಂದೇ ಕಡೆಗೆ ಕಾಲು ಇಳಿಬಿಟ್ಟು, ಅವರು ಜಾರದಂತೆ ಹಿಡಿದುಕೊಳ್ಳಲು ನಾನು ಚೂಡಿದಾರ ಹಾಕಿ ಹಿಂದೆ. ಮೂವರಿಗೆ ಸಾಕಾಗುವ ಸೀಟು ಆ ಬೈಕಿನ ಇನ್ನೊಂದು ಗುಣ. ತಪ್ಪು ಅಂತ ಗೊತ್ತು, ಕಾನೂನು ಗೊತ್ತಿರುವವರು ಕ್ಷಮಿಸಬೇಕು. ಗುಂಡಿಗಳು ಬಂದವು, ಹೋದವು. ಜಂಗಮಕೋಟೆ ಹತ್ತಿರವಾದಂತೆ ಅತ್ತೆ ಸೆರಗನ್ನು ಮತ್ತೆ ಮತ್ತೆ ಸರಿ ಮಾಡಿಕೊಳ್ಳುತ್ತಿದ್ದರು.

ಅಂಗಳದ ನಡುವೆ ಬೈಕು ನಿಂತಿತು. ಆ ಮನೆಗೆ ಜಗಲಿ ಇಲ್ಲ. ನಾನು ಇಳಿದೆ. ಸದ್ದು ಕೇಳಿ ದೊಡ್ಡತ್ತೆ ಬಾಗಿಲಿಗೆ ಬಂದರು, ಚೌಕಟ್ಟು ಹಿಡಿದು ನಿಂತರು. ಆ ಗಟ್ಟಿ ತೋಳುಗಳು ಅರ್ಧಕ್ಕೆ ಇಳಿದುಹೋಗಿದ್ದವು. ತಂಗಿ ಮೇಲೆ, ಅಕ್ಕ ಕೆಳಗೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೇ ಇದ್ದರು. ಆದರೆ ನಮ್ಮವರ ಕಷ್ಟ ಬೇರೆ. ತಾಯಿಯ ಭಾರ ಒಂದೇ ಕಡೆ, ಆಧಾರ ಎರಡು ಹೆಬ್ಬೆರಳು. ಮೀನಖಂಡ ಅದುರತೊಡಗಿತ್ತು. "ಅಮ್ಮಾ, ಏನಾದ್ರೂ ಮಾತಾಡೋದಿದ್ರೆ ಬೇಗ ಆಡು. ತಡ್ಕಳಕ್ಕಾಗ್ತಿಲ್ಲ" ಎಂದು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು.

ದೊಡ್ಡತ್ತೆ ಚೌಕಟ್ಟು ಬಿಟ್ಟು, ಕುಂಟುತ್ತಾ, ಬೈಕಿನ ಪಕ್ಕಕ್ಕೆ ಬಂದರು. "ದಿಗವೇ" ಎಂದರು. ಇಳಿಯೇ ಎಂದು.

ಅತ್ತೆ ಅಕ್ಕನ ಊದಿದ ಬೆರಳುಗಳನ್ನೇ ನೋಡುತ್ತಿದ್ದರು. "ಎತ್ತು, ಅಕ್ಕಯ್ಯ" ಎಂದರು.

ಅವರು ಅದನ್ನು ತೆಲುಗಿನಲ್ಲಿ ಹೇಳಿದರೋ ಕನ್ನಡದಲ್ಲಿ ಹೇಳಿದರೋ ನನಗೆ ಇವತ್ತಿಗೂ ತಿಳಿಯದು. ದೊಡ್ಡತ್ತೆಗೆ ಎರಡೂ ಭಾಷೆ ಬರುತ್ತಿತ್ತು, ಆದರೂ ಅವರು ಕನ್ನಡದ್ದನ್ನೇ ಆರಿಸಿಕೊಂಡರು. ಲೋಟ ಹಿಡಿಯಲಾಗದ ಆ ಕೈಗಳನ್ನು ತಂಗಿಯ ಕಂಕುಳಿಗೆ ಕೊಟ್ಟು, "ಅಮ್ಮಾ" ಎಂದು ನರಳಿ, ಎತ್ತಿ ಅಂಗಳದಲ್ಲಿ ಇಳಿಸಿದರು. ಇಳಿಸಿ ಬಿಡಲಿಲ್ಲ, ಹಾಗೇ ಹಿಡಿದುಕೊಂಡರು. "ನೀನೇನ್ ಕಾಲಿಡ್ಲಿಲ್ಲ ಬಿಡು. ನಾನ್ ತಂದು ಇಟ್ಕೊಂಡೆ" ಎಂದರು.

"ನಿನ್ ಕೈ ನೋವೈತಲ್ಲೇ ಅಕ್ಕಯ್ಯ, ಯಾಕೆ ಎತ್ತಕ್ಕೋದೆ?" ಎಂದು ಅತ್ತೆ ಅಳುತ್ತಾ ಗದರಿದರು.

"ಆವತ್ತು ಕುಂಕುಮದ ಬಟ್ಲು ಹಿಡ್ಕೊಂಡು ನಿನ್ ಮುಖ ನೋಡಕ್ಕೆ ನಂಗೆ ಧೈರ್ಯ ಆಗ್ಲಿಲ್ಲ ಕಣೇ. ನೋಡಿದ್ರೆ ಅಲ್ಲೇ ಅತ್ತುಬಿಡ್ತಿದ್ದೆ. ಮಗಳ ಮದುವೆ ಮಾತು, ಹೆಂಗ್ ಅಳ್ಲಿ?"

"ಬಾ ಅಂತ ಒಂದ್ ಮಾತು ಅಂದಿದ್ರೆ ಸಾಕಾಗಿತ್ತು."

"ಈಗ ಅಂತೀನಿ. ಬಾ ನಾರಾಯಣೀ, ಒಳಗೆ ಬಾ."

ಇಷ್ಟರಲ್ಲಿ ಹಿಂದೆ ದೊಡ್ಡ ಸದ್ದಾಯಿತು. ಒಂದು ಕಡೆಯ ಭಾರ ಥಟ್ಟನೆ ಇಳಿದದ್ದರಿಂದ ನಮ್ಮವರು ಸಮತೋಲ ತಪ್ಪಿ, ಬೈಕಿನ ಸಮೇತ ಇನ್ನೊಂದು ಕಡೆಗೆ ಮಗುಚಿಕೊಂಡಿದ್ದರು. ಕನ್ನಡಿ ಚೂರಾಗಿತ್ತು, ಒಂದು ಚಪ್ಪಲಿ ಹಿಪ್ಪುನೇರಳೆ ಸಾಲಿಗೆ ಹಾರಿತ್ತು. ಅಕ್ಕತಂಗಿಯರು ತಿರುಗಿಯೂ ನೋಡದೆ ಒಳಗೆ ಹೋದರು. ನಾನು ಕೈಕೊಟ್ಟು ಎಬ್ಬಿಸಿದೆ. ಮೈಯ ಮಣ್ಣು ಕೊಡವಿಕೊಳ್ಳುತ್ತಾ ಅವರು, "ಭಾರದ ಹಂಚಿಕೆಯ ಸಮಸ್ಯೆ" ಎಂದರು. ಕಣ್ಣು ಒದ್ದೆಯಾಗಿದ್ದಕ್ಕೆ ಮಾತ್ರ ಭೌತಶಾಸ್ತ್ರದಲ್ಲಿ ಕಾರಣ ಸಿಗಲಿಲ್ಲವೆಂದು ಕಾಣುತ್ತದೆ.

ಒಳಗೆ ಅಷ್ಟು ದಿನದ ಮಾತುಗಳೆಲ್ಲ ಒಟ್ಟಿಗೆ ಹೊರಬರುತ್ತಿದ್ದವು. ಮೂಲೆ ಮನೆಯ ನಾಲ್ಕು ಹಸುಗಳೂ ಬಂದವು, ನಾನು ಎತ್ತಿ ಕುಕ್ಕಿದ್ದೂ ಬಂತು. "ರಾಗಿ ಮೂಟೆ ತರ!" ಎಂದು ದೊಡ್ಡತ್ತೆ ನಗುವುದು ಅಂಗಳಕ್ಕೆ ಕೇಳಿಸಿತು. ಅವತ್ತು ನನ್ನನ್ನು ಎಷ್ಟು ಆಡಿಕೊಂಡರೂ ಆಡಿಕೊಳ್ಳಲಿ ಎನ್ನಿಸಿತು.

ಆ ಬೈಕು ಮತ್ತೆ ಕೆಲವು ವರ್ಷ ನಮ್ಮ ಮನೆಯಲ್ಲಿತ್ತು. ಬಿಡಿಭಾಗ ಸಿಗದು, ಪೆಟ್ರೋಲು ಕುಡಿಯುತ್ತದೆ, ಮಳೆಯಲ್ಲಿ ಕೆಸರನ್ನು ನೇರ ಮುಖಕ್ಕೇ ಎರಚುತ್ತದೆ. ಇನ್ನು ಎತ್ತರವಂತೂ ಸರಿಯೇ. ನಮ್ಮವರು ಅದನ್ನು ಮಾರುವಾಗ ಕೊಳ್ಳಲು ಬಂದವನಿಗೆ ಎಲ್ಲ ದೋಷಗಳನ್ನೂ ಪ್ರಾಮಾಣಿಕವಾಗಿ ಹೇಳಿದರು. ಗುಣ ಏನು ಎಂದು ಅವನು ಕೇಳಿದಾಗ ಅತ್ತೆಯ ಕಡೆ ನೋಡಿದರು.

ಅತ್ತೆ ಈಗಿಲ್ಲ. ಕೊನೆಗಾಲದಲ್ಲಿ ದೊಡ್ಡತ್ತೆ ನಮ್ಮ ಮನೆಗೇ ಬಂದು ಪಕ್ಕದಲ್ಲಿ ಕೂತಿದ್ದರು, ಅದಕ್ಕಿಂತ ಹೆಚ್ಚಿನದನ್ನು ನಾನು ಕೇಳಿಕೊಂಡಿರಲಿಲ್ಲ. ಅವರು ಈಗಲೂ ಜಂಗಮಕೋಟೆಯಲ್ಲೇ ಇದ್ದಾರೆ. ತುಂಬ ಹಣ್ಣಾಗಿದ್ದಾರೆ, ನಡೆಯುವಾಗ ಸೊಸೆಯ ಭುಜ ಬೇಕು.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಸಾಸಿವೆ ಸೀದು ಹೋಗಿತ್ತು. ಬೇಡ ಎನ್ನಲು ನಾನು ಮನಸ್ಸಿನಲ್ಲೇ ಕಾರಣಗಳನ್ನು ಜೋಡಿಸಿಕೊಂಡಿದ್ದೆ. ವಯಸ್ಸು, ನನ್ನ ಮೊಣಕಾಲು, ಅವರ ಹೆಬ್ಬೆರಳು. ಒಲೆ ಆರಿಸಿ ಹಜಾರಕ್ಕೆ ಹೋದೆ. "ಟೆಸ್ಟ್ ರೈಡ್ ಕೊಡ್ತಾರಂತಾ?" ಎಂದು ಕೇಳಿದೆ.

ನಮ್ಮವರು ಗಾಬರಿಯಾಗಿ ಮೊಬೈಲ್ ಆರಿಸಿದರು. "ಕೊಡ್ತಾರೆ. ಯಾಕೆ?"

"ಜಂಗಮಕೋಟೆಗೆ ಹೋಗಿ ಬರೋಣ."

ಅವರು ನನ್ನ ಮೊಣಕಾಲನ್ನೇ ನೋಡಿದರು. "ಹತ್ತಿಸೋದು ಹೆಂಗೋ ಹತ್ತಿಸ್ತೀನಿ. ಅಲ್ಲಿ ಇಳಿಯೋದು ಹೆಂಗೆ?"

"ನಾನೇ ಇಳೀತೀನಿ" ಎಂದೆ. "ಇಳಿಸ್ಕೊಳ್ಳೋರಿಗೆ ಈಗ ಶಕ್ತಿ ಇಲ್ಲ."